ಆಪತ್ಕಾಲದ ಸೇವೆಯೂ ಸೇವಕನ ಅಂತರಂಗವೂ

ಹೊಳೆಯು ದಡ ಮೀರಿ ಊರನ್ನು ನುಂಗಿದಾಗ, ಭೂಮಿಯು ನಡುಗಿ ಮನೆಗಳು ಮಣ್ಣುಗೂಡಿದಾಗ, ಬೆಟ್ಟವು ಜರಿದು ತೋಟವನ್ನೂ ತೊಟ್ಟಿಲನ್ನೂ ಒಂದೇ ರಾಶಿಯಲ್ಲಿ ಹೂತುಬಿಟ್ಟಾಗ, ಅಲ್ಲಿಗೆ ಎರಡು ಬಗೆಯ ಜನರು ಬರುತ್ತಾರೆ. ಅಧಿಕಾರಿಗಳು, ಸೈನಿಕರು, ವೈದ್ಯರು ಮೊದಲಾಗಿ ತಮ್ಮ ಪದವಿಯ ಕರ್ತವ್ಯದಿಂದ ಬರುವವರು ಮೊದಲನೆಯ ಬಗೆ. ಯಾರೂ ಕರೆಯದೆ, ಯಾರ ಆಜ್ಞೆಯೂ ಇಲ್ಲದೆ, ವೇತನದ ಆಸೆಯೂ ಇಲ್ಲದೆ, ಸ್ವಂತ ಕೆಲಸವನ್ನು ಬಿಟ್ಟು ಓಡಿಬರುವವರು ಎರಡನೆಯ ಬಗೆ. ಮೊದಲನೆಯವರು ಏಕೆ ಬಂದರೆಂದು ಯಾರೂ ಕೇಳುವುದಿಲ್ಲ. ಎರಡನೆಯವರನ್ನು ಕುರಿತು ಮಾತ್ರ ಲೋಕವು ಎರಡು ನಾಲಗೆಯಿಂದ ಮಾತನಾಡುತ್ತದೆ. ಇವರು ಮನುಷ್ಯರೂಪದ ದೇವತೆಗಳೆಂದು ಒಂದು ನಾಲಗೆ ಹೊಗಳುತ್ತದೆ; ಇವರೆಲ್ಲ ಹೆಸರಿಗಾಗಿಯೋ ಪುಣ್ಯಕ್ಕಾಗಿಯೋ ಭಾವಚಿತ್ರಕ್ಕಾಗಿಯೋ ಬಂದವರೆಂದು ಇನ್ನೊಂದು ನಾಲಗೆ ಹಳಿಯುತ್ತದೆ. ಹೊಗಳಿಕೆಯೂ ಹಳಿಕೆಯೂ ಒಂದೇ ನಂಬಿಕೆಯ ಮೇಲೆ ನಿಂತಿವೆ. ಸೇವೆಯ ಬೆಲೆಯು ಸೇವಕನ ಮನಸ್ಸಿನ ನಿರ್ಮಲತೆಯಲ್ಲಿಯೇ ಇದೆಯೆಂಬುದೇ ಆ ನಂಬಿಕೆ. ಅದು ಎಷ್ಟರ ಮಟ್ಟಿಗೆ ನಿಜ?

ಇದು ಬರಿಯ ತರ್ಕವಿನೋದದ ಪ್ರಶ್ನೆಯಲ್ಲ. ಪರಿಹಾರಸಮಿತಿಯ ಮುಂದೆ ನೂರು ಜನ ಉತ್ಸಾಹಿಗಳು ಬಂದು ನಿಂತಾಗ ಯಾರನ್ನು ಕಳುಹಿಸಬೇಕು, ಯಾರನ್ನು ನಿಲ್ಲಿಸಬೇಕು ಎಂಬುದನ್ನು ಯಾರಾದರೂ ನಿರ್ಣಯಿಸಲೇಬೇಕು. ಎಲ್ಲವನ್ನೂ ಕಳೆದುಕೊಂಡು ಗಂಜಿಕೇಂದ್ರದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತವನಿಗೆ, ನೀಡುವ ಕೈಯ ಹಿಂದೆ ಯಾವ ಮನಸ್ಸಿದೆಯೆಂಬುದು ಬಲು ಬೇಗ ತಿಳಿಯುತ್ತದೆ. ಇವರಿಬ್ಬರಲ್ಲದೆ ಮೂರನೆಯವನೊಬ್ಬನಿದ್ದಾನೆ. ಅವನು ಹೋಗಬೇಕೆಂದು ಎದ್ದು, ‘ನನ್ನಲ್ಲಿರುವುದು ನಿಜವಾದ ಕರುಣೆಯೋ, ಬರಿಯ ಕೀರ್ತಿಯ ಹಂಬಲವೋ’ ಎಂದು ತನ್ನನ್ನು ತಾನೇ ಕೇಳಿಕೊಂಡು, ಉತ್ತರ ಸಿಕ್ಕದೆ, ಮತ್ತೆ ಕುಳಿತುಬಿಡುವ ಸೂಕ್ಷ್ಮಮನಸ್ಸಿನ ತರುಣ. ಈ ಮೂವರಿಗೂ ಉತ್ತರವು ಬೇಕಾಗಿದೆ.

ಮೊದಲು ಒಂದು ನಿದರ್ಶನವನ್ನು ನೋಡಬಹುದು. 2018ನೆಯ ಆಗಸ್ಟ್ ತಿಂಗಳಿನಲ್ಲಿ ಕೇರಳದಲ್ಲಿ ಮಹಾಪ್ರವಾಹವುಂಟಾಯಿತು. ನಾನೂರಕ್ಕೂ ಮಿಕ್ಕಿ ಜನರು ಪ್ರಾಣ ಬಿಟ್ಟರು. ಚೆಂಗನ್ನೂರು ಮೊದಲಾದ ಒಳನಾಡಿನ ಊರುಗಳಲ್ಲಿ ಸಾವಿರಾರು ಜನರು ಮಾಳಿಗೆಗಳ ಮೇಲೆ ಸಿಕ್ಕಿಬಿದ್ದರು. ಆಗ ಕರಾವಳಿಯ ಮೀನುಗಾರರು ತಮ್ಮ ದೋಣಿಗಳನ್ನು ಲಾರಿಗಳಿಗೆ ಏರಿಸಿಕೊಂಡು, ತಾವು ಕಂಡೂ ಅರಿಯದ ಊರುಗಳಿಗೆ ಹೋದರು. ಕಡಲಿಗಾಗಿ ಕಟ್ಟಿದ ದೋಣಿಗಳು ಗೋಡೆಗೂ ಗೇಟಿಗೂ ತಗುಲಿ ಒಡೆದವು. ಆದರೂ ಅವರು ಸುಮಾರು 65,000 ಜನರನ್ನು ಕಾಪಾಡಿದರೆಂದು ಅಲ್ಲಿಯ ಸರಕಾರವೇ ಲೆಕ್ಕ ಹೇಳಿತು. ದೋಣಿಯೊಂದಕ್ಕೆ ದಿನಕ್ಕೆ 3,000 ರೂಪಾಯಿಗಳನ್ನು ಕೊಡುವುದಾಗಿ ಮುಖ್ಯಮಂತ್ರಿಗಳು ಪ್ರಕಟಿಸಿದಾಗ, ಕೊಚ್ಚಿಯ ಒಬ್ಬ ತರುಣ ಮೀನುಗಾರನು, ಒಡಹುಟ್ಟಿದವರನ್ನು ಉಳಿಸಿದುದಕ್ಕೆ ಕೂಲಿ ಬೇಡವೆಂದು ಎಲ್ಲರೂ ಕೇಳುವಂತೆ ಹೇಳಿದನು. ಈ ನಿರಾಕರಣೆಯಲ್ಲಿ ಏನಿದೆ? ಕರುಣೆಯಿದೆ, ಸಂದೇಹವಿಲ್ಲ. ಆದರೆ ಅಭಿಮಾನವೂ ಇದೆ. ದೋಣಿ ನಡೆಸುವ ಕುಶಲತೆಯ ಹೆಮ್ಮೆಯಿರಬಹುದು. ನಾಡಿನವರು ಬಹುಕಾಲ ದೂರದಲ್ಲಿಟ್ಟು ನೋಡಿದ ಒಂದು ಜನವರ್ಗವು ತನ್ನ ಯೋಗ್ಯತೆಯನ್ನು ತೋರಿಸಿದ ತೃಪ್ತಿಯಿರಬಹುದು. ಇವುಗಳನ್ನು ಬಿಡಿಸಿ ಬೇರೆಬೇರೆಯಾಗಿ ಇಡುವುದು ಆ ಮೀನುಗಾರನಿಗೇ ಸಾಧ್ಯವಿಲ್ಲ. ಮಾಳಿಗೆಯ ಮೇಲಿಂದ ದೋಣಿಗಿಳಿದ ಮುದುಕಿಗೆ ಅದರ ಅಗತ್ಯವೂ ಇಲ್ಲ.

ಹೀಗೆ ಹೇಳಿದೊಡನೆ ಶಂಕಾವಾದಿಯು ಮುಂದೆ ಬರುತ್ತಾನೆ. ‘ಹಾಗಾದರೆ ಒಪ್ಪಿದಿರಿ, ಪರೋಪಕಾರವೆಂಬುದು ಸ್ವಾರ್ಥದ ಒಂದು ವೇಷ ಮಾತ್ರ. ಇನ್ನೊಬ್ಬನ ಕಷ್ಟವನ್ನು ನೋಡಿದರೆ ನಮಗೆ ನೋವಾಗುತ್ತದೆ. ಆ ನೋವನ್ನು ಕಳೆದುಕೊಳ್ಳುವುದಕ್ಕಾಗಿ ನಾವು ಸಹಾಯಮಾಡುತ್ತೇವೆ’ ಎಂದು ಅವನ ವಾದ. ಹದಿನೇಳನೆಯ ಶತಮಾನದ ಆಂಗ್ಲ ತತ್ತ್ವಜ್ಞನಾದ ಹಾಬ್ಸನ ವಿಷಯದಲ್ಲಿ ಇಂಥದೇ ಒಂದು ಸಂಗತಿಯನ್ನು ಅವನ ಮಿತ್ರನಾದ ಆಬ್ರೆಯು ಬರೆದಿಟ್ಟಿದ್ದಾನೆ. ಹಾಬ್ಸನು ದಾರಿಯಲ್ಲಿ ಒಬ್ಬ ಮುದಿ ಭಿಕ್ಷುಕನಿಗೆ ಹಣ ಕೊಟ್ಟಾಗ ಜತೆಯಲ್ಲಿದ್ದವರು ಕಾರಣವನ್ನು ಕೇಳಲು, ಆ ಮುದುಕನ ದುಃಸ್ಥಿತಿಯನ್ನು ಕಂಡು ತನಗೆ ನೋವಾಗಿತ್ತು, ಈ ದಾನವು ಅವನ ಕಷ್ಟದೊಂದಿಗೆ ತನ್ನ ನೋವನ್ನೂ ತಗ್ಗಿಸಿತು ಎಂಬ ಅರ್ಥದ ಉತ್ತರವನ್ನು ಕೊಟ್ಟನಂತೆ.

ಈ ಉತ್ತರದಲ್ಲಿ ಪ್ರಾಮಾಣಿಕತೆಯಿದೆ. ಆದರೆ ಇದರಿಂದ ಶಂಕಾವಾದಿಯ ಪಕ್ಷವು ಗೆಲ್ಲುವುದಿಲ್ಲ. ಭಿಕ್ಷುಕನ ಕಷ್ಟದಿಂದ ಹಾಬ್ಸನಿಗೆ ನೋವಾದುದೇಕೆ? ಅವನ ಹಿತದಲ್ಲಿ ಹಾಬ್ಸನ ಮನಸ್ಸಿಗೆ ಮೊದಲೇ ಏನೋ ಒಂದು ಪಾಲಿದ್ದುದರಿಂದಲ್ಲವೆ? ಕಲ್ಲಿಗೆ ಆ ನೋವಾಗುವುದಿಲ್ಲ, ಕ್ರೂರಿಗೂ ಆಗುವುದಿಲ್ಲ. ಒಳ್ಳೆಯದನ್ನು ಮಾಡಿದ ಮೇಲೆ ಬರುವ ಸಂತೋಷವು, ಒಳ್ಳೆಯದನ್ನು ಬಯಸುವ ಮನಸ್ಸಿಗೆ ಮಾತ್ರ ಬರತಕ್ಕದ್ದು. ಹದಿನೆಂಟನೆಯ ಶತಮಾನದಲ್ಲಿ ಬಟ್ಲರ್ ಎಂಬ ಪಾದರಿಯು ತನ್ನ ಧರ್ಮೋಪನ್ಯಾಸಗಳಲ್ಲಿ ಈ ಗಂಟನ್ನು ಬಿಡಿಸಿ ತೋರಿಸಿದನು. ನೋವು ಕಳೆದುಕೊಳ್ಳುವುದೊಂದೇ ಗುರಿಯಾಗಿದ್ದರೆ ಇನ್ನೂ ಸುಲಭದ ಮಾರ್ಗವಿತ್ತು: ಮುಖ ತಿರುಗಿಸಿ ಬೇರೆ ಬೀದಿಯಲ್ಲಿ ಹೋಗಬಹುದಾಗಿತ್ತು. ಚೀನಾ ದೇಶದ ಮೆನ್‌ಶಿಯಸ್ ಎಂಬ ಪ್ರಾಚೀನ ಜ್ಞಾನಿಯು ಇದಕ್ಕೆ ಒಂದು ಚಿತ್ರವನ್ನು ಕೊಟ್ಟಿದ್ದಾನೆ. ಬಾವಿಯೊಳಕ್ಕೆ ಬೀಳಲಿರುವ ಮಗುವನ್ನು ಕಂಡವನ ಎದೆ ಯಾರದಾದರೂ ಸರಿ, ಒಮ್ಮೆ ಜಗ್ಗೆನ್ನುತ್ತದೆ. ಆ ಮಗುವಿನ ತಂದೆತಾಯಿಗಳ ಸ್ನೇಹ ಬೇಕೆಂದಾಗಲಿ, ನೆರೆಯವರ ಹೊಗಳಿಕೆ ಬೇಕೆಂದಾಗಲಿ ಲೆಕ್ಕ ಹಾಕುವುದಕ್ಕೆ ಆ ಕ್ಷಣದಲ್ಲಿ ಎಡೆಯೇ ಇಲ್ಲ. ಲೆಕ್ಕಾಚಾರವು ಬರುವುದು ಆಮೇಲೆ.

ಆದರೆ ಆಮೇಲೆ ಅದು ಬಂದೇ ಬರುತ್ತದೆ ಎಂಬುದನ್ನೂ ಮರೆಯಬಾರದು. ಬಾವಿಯ ಮಗುವಿನ ಬಳಿಗೆ ಧಾವಿಸುವುದು ಒಂದು ಕ್ಷಣದ ಕೆಲಸ. ಪರಿಹಾರಕಾರ್ಯವಾದರೋ ವಾರಗಳ, ತಿಂಗಳುಗಳ ಕೆಲಸ. ಮನೆಯಿಂದ ಹೊರಟು, ಬಸ್ಸನ್ನೋ ರೈಲನ್ನೋ ಹತ್ತಿ, ಶಿಬಿರವನ್ನು ಸೇರುವಷ್ಟರಲ್ಲಿ ಮೊದಲಿನ ಆ ಎದೆಯ ಜಗ್ಗು ಇತರ ನೂರು ಭಾವಗಳೊಂದಿಗೆ ಬೆರೆತಿರುತ್ತದೆ. ಒಬ್ಬನು ಹಿಂದೊಮ್ಮೆ ತಾನೇ ನೆರೆಯಲ್ಲಿ ಸಿಕ್ಕಿ ಅನ್ಯರಿಂದ ಉಳಿದವನು. ಅವನು ಋಣ ತೀರಿಸಲು ಬಂದಿದ್ದಾನೆ. ಒಬ್ಬನು ಮಗನನ್ನು ಕಳೆದುಕೊಂಡವನು. ಬರಿದಾದ ಮನೆಯಲ್ಲಿ ಕೂಡಲಾರದೆ ಬಂದಿದ್ದಾನೆ. ಒಬ್ಬನಿಗೆ ಸಾಹಸದ ಚಪಲ. ಒಬ್ಬನಿಗೆ ಪುಣ್ಯದ ನಂಬಿಕೆ. ಒಬ್ಬನಿಗೆ ಗೆಳೆಯರ ಜತೆ. ಒಬ್ಬನಿಗೆ ಮುಂದಿನ ಚುನಾವಣೆ. ಇನ್ನೊಬ್ಬನು ಮನೆಯ ಹೊಣೆಯಿಂದ ತಪ್ಪಿಸಿಕೊಂಡು ಬಂದವನು. ‘ಊರಿಗೆ ಉಪಕಾರಿ, ಮನೆಗೆ ಮಾರಿ’ ಎಂಬ ಗಾದೆಯು ಹುಟ್ಟಿದುದು ಅಂಥವನನ್ನು ಕಂಡೇ. 1957ರಲ್ಲಿ ಅಮೆರಿಕದ ಫ್ರಿಟ್ಸ್ ಮತ್ತು ಮ್ಯಾಥ್ಯೂಸನ್ ಎಂಬ ವಿದ್ವಾಂಸರು ವಿಪತ್ತಿನ ಸ್ಥಳಗಳಿಗೆ ಧಾವಿಸುವವರನ್ನು ವಿಂಗಡಿಸಿದಾಗ, ಮರಳಿ ಬರುವ ನಿವಾಸಿಗಳು, ಬಂಧುಗಳಿಗಾಗಿ ಕಾತರಪಡುವವರು, ಸಹಾಯಕರು, ಕುತೂಹಲಿಗಳು, ಲಾಭಕೋರರು ಎಂದು ಐದು ವರ್ಗಗಳನ್ನು ಕಂಡರು. ಒಬ್ಬನೇ ಮನುಷ್ಯನೊಳಗೆ ಈ ವರ್ಗಗಳಲ್ಲಿ ಎರಡು ಮೂರು ಒಟ್ಟಿಗೆ ವಾಸಿಸಬಲ್ಲವೆಂಬುದೇ ಇಲ್ಲಿಯ ತೊಡಕು.

ಹೀಗಿರುವಾಗ ಶುದ್ಧವಾದ ಮನಸ್ಸಿಗೆ ಬೆಲೆಯೇ ಇಲ್ಲವೆ? ಇದೆ. ಮಹಾಭಾರತದ ಅಶ್ವಮೇಧಿಕ ಪರ್ವದಲ್ಲಿ ಬರುವ ಮುಂಗುಸಿಯ ಕಥೆಯನ್ನು ವಾಚಕರು ಬಲ್ಲರು. ಕ್ಷಾಮದ ಕಾಲದಲ್ಲಿ ಬಡ ಬ್ರಾಹ್ಮಣನ ಕುಟುಂಬವೊಂದು ತನ್ನ ಪಾಲಿನ ಹಿಟ್ಟನ್ನೆಲ್ಲ ಹಸಿದ ಅತಿಥಿಗೆ ನೀಡಿ ತಾನು ಉಪವಾಸವಿದ್ದಿತು. ಆ ಹಿಟ್ಟಿನ ಶೇಷದಲ್ಲಿ ಹೊರಳಿದ ಮುಂಗುಸಿಯ ಅರ್ಧಮೈ ಬಂಗಾರವಾಯಿತು. ಉಳಿದ ಅರ್ಧವು ಯುಧಿಷ್ಠಿರನ ಮಹಾಯಜ್ಞದ ಅನ್ನಶೇಷದಲ್ಲಿ ಹೊರಳಿದರೂ ಬಂಗಾರವಾಗಲಿಲ್ಲ. ದಾನದ ಹಿರಿಮೆಯು ದಾನದ ಗಾತ್ರದಲ್ಲಿಲ್ಲವೆಂಬುದು ಕಥೆಯ ನೀತಿ. ಆದರೆ ಇನ್ನೊಂದು ಮಾತನ್ನು ಕಥೆಯು ಎಲ್ಲಿಯೂ ಅಲ್ಲಗಳೆಯುವುದಿಲ್ಲ: ಯುಧಿಷ್ಠಿರನ ಯಜ್ಞದಲ್ಲಿ ಉಂಡ ಅಸಂಖ್ಯ ಜನರ ಹಸಿವು ಹಿಂಗಿತು. ಇಲ್ಲಿ ಎರಡು ತಕ್ಕಡಿಗಳಿವೆ. ಒಂದು ಕೊಡುವವನನ್ನು ತೂಗತಕ್ಕದ್ದು. ಇನ್ನೊಂದು ಕೊಟ್ಟುದನ್ನು ತೂಗತಕ್ಕದ್ದು. ಮುಂಗುಸಿಯು ಬಲ್ಲದ್ದು ಮೊದಲನೆಯ ತಕ್ಕಡಿಯನ್ನು; ಹಸಿದವನು ಬಲ್ಲದ್ದು ಎರಡನೆಯದನ್ನು. ಸೇವಕನ ಮನಸ್ಸಿನಲ್ಲಿ ಕಲ್ಮಷವಿದೆಯೆಂದು ಅವನು ತಂದ ಅಕ್ಕಿಯನ್ನು ಹಗುರವೆನ್ನುವವನೂ, ಅಕ್ಕಿಯು ನೂರು ಮೂಟೆಯಿದೆಯೆಂದು ಅವನನ್ನು ಮಹಾತ್ಮನೆನ್ನುವವನೂ ತಕ್ಕಡಿಗಳನ್ನು ಅದಲುಬದಲು ಮಾಡಿದವರೇ.

ಇಷ್ಟಕ್ಕೆ ನಿಲ್ಲಿಸಿದರೆ ಪ್ರಶ್ನೆಯು ಸುಲಭವಾಗಿ ಮುಗಿಯುತ್ತಿತ್ತು. ಆದರೆ ಈ ಎರಡು ತಕ್ಕಡಿಗಳ ನಡುವೆ ಒಂದು ಗುಪ್ತವಾದ ಸಂಬಂಧವಿದೆ. ಮನಸ್ಸಿನ ಉದ್ದೇಶವು ಕಾಲಕ್ರಮದಲ್ಲಿ ಕೆಲಸದ ಆಕಾರವನ್ನೇ ಬದಲಾಯಿಸುತ್ತದೆ. 2004ನೆಯ ಡಿಸೆಂಬರ್ 26ರಂದು ಸುನಾಮಿಯ ಅಲೆಗಳು ತಮಿಳುನಾಡಿನ ನಾಗಪಟ್ಟಣದ ಕರಾವಳಿಯನ್ನು ಬಡಿದ ಮೇಲೆ, ದೇಶದ ಮೂಲೆಮೂಲೆಗಳಿಂದ ಹಳೆಯ ಬಟ್ಟೆಗಳು ಲಾರಿಗಟ್ಟಲೆ ಬಂದವು. ಉಡಲು ಬಾರದ, ಹರಕಾದ, ಆ ಸೀಮೆಯ ರೂಢಿಗೆ ಒಗ್ಗದ ಬಟ್ಟೆಗಳು ರಸ್ತೆಯ ಬದಿಯಲ್ಲಿ ಗುಡ್ಡೆಗುಡ್ಡೆಯಾಗಿ ಬಿದ್ದಿದ್ದವು. ಅವುಗಳನ್ನು ವಿಂಗಡಿಸುವುದೇ ಒಂದು ಬೇರೆಯ ಪರಿಹಾರಕಾರ್ಯವಾಯಿತು. ಕಳುಹಿಸಿದವರು ದುಷ್ಟರಲ್ಲ. ಅವರ ಎದೆಯೂ ಜಗ್ಗೆಂದಿತ್ತು. ಆದರೆ ಆ ಜಗ್ಗನ್ನು ಶಮನಮಾಡಿಕೊಳ್ಳುವುದಕ್ಕೆ ಕೈಗೆ ಸಿಕ್ಕಿದ ಉಪಾಯವನ್ನು ಅವರು ಹಿಡಿದರು. ‘ಅಲ್ಲಿಯವರಿಗೆ ಏನು ಬೇಕು’ ಎಂದು ಕೇಳುವ ತಾಳ್ಮೆಯನ್ನು ತೋರಲಿಲ್ಲ. ತನ್ನ ನೋವಿನ ನಿವಾರಣೆಯೇ ಮುಖ್ಯವಾದರೆ ಕೊಟ್ಟೊಡನೆ ಕೆಲಸವು ಮುಗಿಯುತ್ತದೆ. ಇನ್ನೊಬ್ಬನ ನೋವಿನ ನಿವಾರಣೆಯು ಮುಖ್ಯವಾದರೆ ಕೊಟ್ಟ ಮೇಲೆಯೇ ಕೆಲಸವು ಮೊದಲಾಗುತ್ತದೆ.

ಭಗವದ್ಗೀತೆಯ ಹದಿನೇಳನೆಯ ಅಧ್ಯಾಯವು ದಾನವನ್ನು ಮೂರು ಬಗೆಯಾಗಿ ವಿಂಗಡಿಸುವಾಗ ಈ ಸೂಕ್ಷ್ಮವನ್ನು ಬಿಟ್ಟಿಲ್ಲ. ಪ್ರತಿಫಲವನ್ನು ಬಯಸಿ ಕೊಟ್ಟುದು ರಾಜಸ. ಆದರೆ ಅದಕ್ಕಿಂತ ಕೀಳಾದ ತಾಮಸವೆಂದು ಹೇಳಿರುವುದು, ತಕ್ಕ ದೇಶಕಾಲಗಳನ್ನೂ ಪಾತ್ರವನ್ನೂ ನೋಡದೆ, ಪಡೆಯುವವನನ್ನು ಆದರಿಸದೆ ತಾತ್ಸಾರದಿಂದ ಕೊಟ್ಟುದನ್ನು. ಕೀರ್ತಿಯಾಸೆಗಿಂತಲೂ ತಿರಸ್ಕಾರವೂ ಅವಿವೇಕವೂ ಹೀನವೆಂಬ ಈ ತಾರತಮ್ಯವು ಗಮನಾರ್ಹವಾದುದು. ಗಂಜಿಯ ತಟ್ಟೆಯನ್ನು ಹಿಡಿದ ಗೃಹಿಣಿಯನ್ನು ಯಂತ್ರದ ಮುಂದೆ ನಿಲ್ಲಿಸಿ ಚಿತ್ರ ತೆಗೆಯುವವನ ದೋಷವು, ಅವನಿಗೆ ಹೆಸರಿನ ಆಸೆಯಿದೆಯೆಂಬುದಷ್ಟೇ ಅಲ್ಲ. ನಿನ್ನೆಯವರೆಗೆ ಹತ್ತು ಜನರಿಗೆ ಬಡಿಸಿ ಉಂಡ ಆಕೆಯ ಮಾನವನ್ನು ತನ್ನ ಆಸೆಗೆ ಬೆಲೆಯಾಗಿ ಕೊಟ್ಟುಬಿಟ್ಟನಲ್ಲ, ಅದೇ ನಿಜವಾದ ದೋಷ. ಪಡೆಯುವವನಿಗೆ ಕೊಡುವವನ ಮನಸ್ಸು ತಾಗುವುದು ಈ ಸ್ಥಳದಲ್ಲಿ.

ನಿಷ್ಕಾಮಕರ್ಮವೆಂಬ ಮಾತನ್ನೂ ಇದೇ ಬೆಳಕಿನಲ್ಲಿ ನೋಡತಕ್ಕದ್ದು. ಫಲವನ್ನು ಬಯಸಬಾರದೆಂದರೆ, ಮುಳುಗುವವನು ಬದುಕಿದರೇನು ಸತ್ತರೇನು ಎಂಬ ಉದಾಸೀನವಲ್ಲ. ಅಂಥ ಉದಾಸೀನನು ದೋಣಿಯನ್ನು ಸರಿಯಾಗಿ ನಡೆಸಲಾರನು. ತನಗೆ ಬರತಕ್ಕ ಫಲವನ್ನು ಬಿಟ್ಟು, ಕೆಲಸಕ್ಕೆ ಬರತಕ್ಕ ಫಲದಲ್ಲಿ ಪೂರ್ಣವಾದ ಆಸಕ್ತಿಯಿಡುವುದೇ ಲೋಕಸಂಗ್ರಹದ ಅರ್ಥವೆನ್ನಬಹುದು. ಜರ್ಮನಿಯ ಕಾಂಟ್ ಮಹಾಶಯನು 1785ರ ತನ್ನ ಗ್ರಂಥದಲ್ಲಿ, ಸಹಜವಾದ ಮರುಕದಿಂದ ಮಾಡಿದ ಉಪಕಾರಕ್ಕಿಂತ, ಮರುಕವು ಬತ್ತಿದಾಗಲೂ ಕರ್ತವ್ಯವೆಂದು ಮಾಡಿದ ಉಪಕಾರದಲ್ಲಿಯೇ ನೈತಿಕವಾದ ಬೆಲೆಯನ್ನು ಕಂಡನು. ಇದು ಕಠಿನವಾದ ಮಾತೆಂದು ಅನೇಕರು ಆಕ್ಷೇಪಿಸಿದ್ದಾರೆ. ಆದರೆ ಪರಿಹಾರಶಿಬಿರದ ಇಪ್ಪತ್ತನೆಯ ದಿನವನ್ನು ಕಂಡವರಿಗೆ ಅದರಲ್ಲಿ ಅನುಭವದ ಸತ್ಯವು ತೋರದಿರದು. ಮರುಕವು ಮೊದಲ ವಾರದ ಬಂಡವಾಳ; ಅದು ಖರ್ಚಾದ ಮೇಲೆ ಮನುಷ್ಯನನ್ನು ನಿಲ್ಲಿಸತಕ್ಕದ್ದು ಬೇರೆ ಏನಾದರೂ ಇರಬೇಕು.

ಆ ಬೇರೆಯದು ಯಾವಾಗಲೂ ಉದಾತ್ತವಾಗಿಯೇ ಇರಬೇಕೆಂಬ ನಿಯಮವೂ ಇಲ್ಲ. ಓಮೋಟೊ ಮತ್ತು ಸ್ನೈಡರ್ ಎಂಬ ಮನಶ್ಶಾಸ್ತ್ರಜ್ಞರು ಅಮೆರಿಕದಲ್ಲಿ ಏಡ್ಸ್ ರೋಗಿಗಳ ನೆರವಿಗೆ ನಿಂತ ಸ್ವಯಂಸೇವಕರನ್ನು ಎರಡೂವರೆ ವರ್ಷಗಳ ಕಾಲ ಪರಿಶೀಲಿಸಿ 1995ರಲ್ಲಿ ತಮ್ಮ ನಿರ್ಣಯಗಳನ್ನು ಪ್ರಕಟಿಸಿದರು. ಹೊಸದನ್ನು ಕಲಿಯಬೇಕು, ತನ್ನ ವಿಷಯದಲ್ಲಿ ತನಗೆ ಗೌರವ ಬರಬೇಕು ಎಂಬಂತಹ ಆತ್ಮಸಂಬಂಧವಾದ ಉದ್ದೇಶಗಳನ್ನು ಬಲವಾಗಿ ಹೇಳಿಕೊಂಡವರೇ ಹೆಚ್ಚು ಕಾಲ ಸೇವೆಯಲ್ಲಿ ನಿಂತರೆಂದು ಅವರಿಗೆ ತಿಳಿದುಬಂದಿತು. ಶುದ್ಧಿವಾದಿಗಳಿಗೆ ಇದು ಕಹಿಯಾಗಿ ಕಾಣಬಹುದು. ಆದರೆ ಕೆಲಸದಿಂದ ತಾನೂ ಬೆಳೆಯುತ್ತೇನೆಂದು ತಿಳಿದವನು ಕೆಲಸವನ್ನು ಸುಲಭವಾಗಿ ಬಿಡುವುದಿಲ್ಲವೆಂಬುದು ಒಕ್ಕಲಿಗನೂ ಬಲ್ಲ ಮಾತು. ತಾನು ಬೆಳೆಯುವುದಕ್ಕೂ ಇನ್ನೊಬ್ಬನನ್ನು ತುಳಿದು ಬೆಳೆಯುವುದಕ್ಕೂ ಇರುವ ಅಂತರವನ್ನು ಮರೆಯದಿದ್ದರೆ ಸಾಕು.

ಇನ್ನೂ ಒಂದು ಸಂಗತಿಯುಂಟು. ಉದ್ದೇಶವೆಂಬುದು ಕೆತ್ತಿದ ಶಿಲೆಯಲ್ಲ. ಅದು ಕೆಲಸದಲ್ಲಿ ಮಾರ್ಪಡುತ್ತದೆ. 1859ನೆಯ ಜೂನ್ 24ರಂದು ಇಟಲಿಯ ಸಾಲ್ಫೆರಿನೋ ಎಂಬಲ್ಲಿ ನಡೆದ ಯುದ್ಧದಲ್ಲಿ ಸುಮಾರು 40,000 ಜನರು ಸತ್ತರು ಇಲ್ಲವೆ ಗಾಯಗೊಂಡರು. ಆ ಸಮಯದಲ್ಲಿ ಜಿನೀವಾದ ಹೆನ್ರಿ ಡ್ಯೂನಾಂಟ್ ಎಂಬ ವರ್ತಕನು ಆ ದಾರಿಯಲ್ಲಿ ಬಂದನು. ಅವನು ಬಂದುದು ಸೇವೆಗಲ್ಲ. ಆಲ್ಜೀರಿಯದಲ್ಲಿದ್ದ ತನ್ನ ವ್ಯವಹಾರಕ್ಕೆ ಫ್ರೆಂಚ್ ಚಕ್ರವರ್ತಿಯ ಅನುಗ್ರಹವನ್ನು ಬೇಡುವುದಕ್ಕೆ. ಕಸ್ಟಿಲ್ಯೋನೆ ಊರಿನ ಚರ್ಚಿನಲ್ಲಿ ರಾಶಿಯಾಗಿ ಬಿದ್ದ ಗಾಯಾಳುಗಳನ್ನು ಕಂಡು ಅವನು ನಿಂತನು; ಊರಿನ ಹೆಂಗಸರೊಡನೆ ಸೇರಿ, ಸ್ವಪಕ್ಷ ಪರಪಕ್ಷವೆಂದು ನೋಡದೆ, ನೀರು ಕೊಟ್ಟನು, ಗಾಯ ಕಟ್ಟಿದನು. 1862ರಲ್ಲಿ ಅವನು ಬರೆದ ಪುಸ್ತಕವೇ ಮರುವರ್ಷ ರೆಡ್‌ಕ್ರಾಸ್ ಸಂಸ್ಥೆಯ ಹುಟ್ಟಿಗೆ ಬೀಜವಾಯಿತು. ವ್ಯವಹಾರವನ್ನು ಮರೆತುದಕ್ಕೆ ಬೆಲೆಯನ್ನೂ ಅವನು ತೆತ್ತನು. 1867ರಲ್ಲಿ ದಿವಾಳಿಯಾಗಿ, ಬಹುಕಾಲ ಬಡತನದಲ್ಲಿ ಅಜ್ಞಾತನಾಗಿದ್ದು, 1901ರಲ್ಲಿ ಶಾಂತಿಗಾಗಿ ಕೊಡುವ ಮೊದಲ ನೊಬೆಲ್ ಪಾರಿತೋಷಕದಲ್ಲಿ ಪಾಲುಗಾರನಾದನು. ಬಂದ ಉದ್ದೇಶವನ್ನು ಮಾತ್ರ ವಿಚಾರಿಸುವ ಕಾವಲುಗಾರನೊಬ್ಬನು ಆ ಚರ್ಚಿನ ಬಾಗಿಲಿನಲ್ಲಿ ನಿಂತಿದ್ದರೆ, ಡ್ಯೂನಾಂಟನನ್ನು ಹಿಂದಕ್ಕೆ ಕಳುಹಿಸುತ್ತಿದ್ದನು.

ಹಾಗೆಂದು ಸಮಿತಿಯವರು ಯಾರನ್ನೂ ವಿಚಾರಿಸದೆ ಕಳುಹಿಸಬೇಕೆಂದಲ್ಲ. ವಿಚಾರಿಸತಕ್ಕದ್ದು ಅಂತರಂಗವನ್ನಲ್ಲ, ಅದು ಸಮಿತಿಯ ಕೈಗೆ ಎಟುಕುವ ವಸ್ತುವಲ್ಲ. ಎಟುಕುವ ಮೂರು ಪರೀಕ್ಷೆಗಳುಂಟು. ಕಾಣದ ಕೆಲಸಕ್ಕೆ ಅವನು ಒಪ್ಪುತ್ತಾನೆಯೇ ಎಂಬುದು ಮೊದಲನೆಯದು. 1934ನೆಯ ಜನವರಿ 15ರ ಬಿಹಾರದ ಭೂಕಂಪವಾದ ಮೇಲೆ ಬಾಬು ರಾಜೇಂದ್ರಪ್ರಸಾದರು ಕಟ್ಟಿದ ಪರಿಹಾರಸಮಿತಿಯಲ್ಲಿ ಜೆ. ಸಿ. ಕುಮಾರಪ್ಪನವರು ವಹಿಸಿಕೊಂಡುದು ಲೆಕ್ಕಪತ್ರಗಳ ಹೊಣೆಯನ್ನು. ಕುಸಿದ ಮನೆಯ ಮಣ್ಣು ತೆಗೆಯುವುದರಲ್ಲಿರುವ ರೋಮಾಂಚವು ಕಾಸು ಕಾಸಿಗೆ ಲೆಕ್ಕ ಬರೆಯುವುದರಲ್ಲಿಲ್ಲ. ಆದರೆ ಆ ಲೆಕ್ಕವಿಲ್ಲದೆ ದಾನವು ದುಃಖಿತನನ್ನು ಮುಟ್ಟುವುದಿಲ್ಲ. ಬೇಡವೆಂದಾಗ ಹಿಂದಿರುಗುತ್ತಾನೆಯೇ ಎಂಬುದು ಎರಡನೆಯದು. ಇಕ್ಕಟ್ಟಾದ ದಾರಿಯಲ್ಲಿ ಅನವಶ್ಯಕವಾದ ಒಂದು ಬಂಡಿಯು ವೈದ್ಯರ ಬಂಡಿಗೆ ಅಡ್ಡವಾಗುತ್ತದೆ. ಮನೆಯಲ್ಲಿಯೇ ಇರುವುದೂ ಒಮ್ಮೊಮ್ಮೆ ಸೇವೆಯೇ. ಜನರ ಗುಂಪು ಚದುರಿದ ಮೇಲೆ ಉಳಿಯುತ್ತಾನೆಯೇ ಎಂಬುದು ಮೂರನೆಯದು. 2009ರ ಸೆಪ್ಟೆಂಬರ್ ಕೊನೆಯಲ್ಲಿ ಉತ್ತರ ಕರ್ನಾಟಕವನ್ನು ಬಡಿದ ನೆರೆಯು ಕೆಲವು ದಿನಗಳಲ್ಲಿ ಇಳಿಯಿತು. ‘ಆಸರೆ’ ಯೋಜನೆಯ ಮನೆಗಳು ಏಳುವುದಕ್ಕಾದರೋ ವರ್ಷಗಳು ಬೇಕಾದವು. ನೀರಿನೊಡನೆ ಬಂದ ಉತ್ಸಾಹವು ನೀರಿನೊಡನೆಯೇ ಇಳಿದುಹೋದರೆ ಅದನ್ನು ಸೇವೆಯೆನ್ನುವುದಕ್ಕಿಂತ ನೆರೆಯ ಒಂದು ಭಾಗವೆನ್ನುವುದೇ ಮೇಲು.

ಇನ್ನು ಸಂಶಯದಿಂದ ಕುಳಿತುಬಿಟ್ಟ ಆ ತರುಣನ ವಿಷಯ. 1995ನೆಯ ಜನವರಿ 17ರಂದು ಜಪಾನಿನ ಕೋಬೆ ನಗರವು ಭೂಕಂಪದಿಂದ ಹಾಳಾಗಿ 6,400ಕ್ಕೂ ಮಿಕ್ಕಿ ಜನರು ಮಡಿದಾಗ, ಹತ್ತು ಲಕ್ಷಕ್ಕೂ ಹೆಚ್ಚು ಜನರು ನೆರವಿಗೆ ಬಂದರು. ಅವರಲ್ಲಿ ಬಹುಮಂದಿ ಅದಕ್ಕೆ ಮೊದಲು ಇಂತಹ ಕೆಲಸವನ್ನು ಮಾಡಿದವರೇ ಅಲ್ಲ. ಜಪಾನೀಯರು ಆ ವರ್ಷವನ್ನು ಸ್ವಯಂಸೇವೆಯ ಮೊದಲ ವರ್ಷವೆಂದೇ ಕರೆದರು. ಅಷ್ಟು ಜನರೂ ತಮ್ಮ ಅಂತರಂಗವು ತಿಳಿಯಾಗುವವರೆಗೆ ಕಾದಿದ್ದರೆ ಒಂದು ಅನ್ನದ ಮುದ್ದೆಯೂ ಯಾರ ಕೈಯನ್ನೂ ಸೇರುತ್ತಿರಲಿಲ್ಲ. ‘ನಾನು ಶುದ್ಧನಲ್ಲ, ಆದುದರಿಂದ ಹೋಗಲಾರೆ’ ಎಂಬ ಮಾತು ವಿನಯದಂತೆ ಕೇಳಿಸುತ್ತದೆ. ವಾಸ್ತವದಲ್ಲಿ ಅದೂ ತನ್ನನ್ನೇ ಕುರಿತ ಚಿಂತೆ. ಮಾಳಿಗೆಯ ಮೇಲೆ ಮುದುಕಿಯೊಬ್ಬಳು ಕೈಬೀಸುತ್ತಿರುವಾಗ, ತನ್ನ ಆತ್ಮದ ಕನ್ನಡಿಯನ್ನು ಒರಸುತ್ತ ಕುಳಿತವನು ಹೆಸರಿಗಾಗಿ ಹೋದವನಿಗಿಂತ ಹೆಚ್ಚು ನಿಸ್ಸ್ವಾರ್ಥಿಯೇನಲ್ಲ.

ಹಾಗಾದರೆ ಆತ್ಮಪರೀಕ್ಷೆಯು ನಿರರ್ಥಕವೆ? ಅಲ್ಲ, ಅದರ ಸ್ಥಳವು ಬೇರೆ. ಹೊರಡುವ ಮುನ್ನ ಬಾಗಿಲಿಗೆ ಹಾಕುವ ಅಗಳಿಯಾಗಿ ಅದು ಬೇಡ. ಹೊರಟ ಮೇಲೆ ದೋಣಿಗೆ ಚುಕ್ಕಾಣಿಯಾಗಿ ಬೇಕು. ಕೀರ್ತಿಯ ಆಸೆಯು ಬಂದವನೊಡನೆ ಬಂದಿರಲಿ. ದೋಣಿಯಲ್ಲಿ ಒಂದು ಮೂಲೆಯಲ್ಲಿ ಕುಳಿತಿರಲಿ. ಅದು ಚುಕ್ಕಾಣಿಗೆ ಕೈಯಿಟ್ಟಾಗ ಗುರುತಿಸಿ ಕೈತೆಗೆಸುವಷ್ಟು ಎಚ್ಚರವಿದ್ದರೆ ಸಾಕು. ಕಲ್ಕತ್ತೆಯ ಪ್ಲೇಗಿನ ಕಾಲದಲ್ಲಿ, 1899ರಲ್ಲಿ, ಸೋದರಿ ನಿವೇದಿತೆಯು ಓಣಿಯ ಕಸವನ್ನು ತಾನೇ ಗುಡಿಸಿದಳು. 1897ರಲ್ಲಿ ಪುಣೆಯ ಪ್ಲೇಗಿನಲ್ಲಿ ಸಾವಿತ್ರಿಬಾಯಿ ಫುಲೆಯವರು ರೋಗಿಯಾದ ಬಾಲಕನನ್ನು ಹೊತ್ತು ಮಗನ ಆಸ್ಪತ್ರೆಗೆ ತಲಪಿಸಿ, ತಾವೂ ಅದೇ ರೋಗದಿಂದ ಮಾರ್ಚ್ 10ರಂದು ಮಡಿದರು. ಆ ಕ್ಷಣದಲ್ಲಿ ಅವರ ಮನಸ್ಸಿನಲ್ಲಿದ್ದ ಭಾವಗಳ ಪಟ್ಟಿಯನ್ನು ಯಾರೂ ಬರೆದಿಟ್ಟಿಲ್ಲ. ಬರೆಯುವ ಅವಶ್ಯಕತೆಯೂ ಇಲ್ಲ. ಮಗುವಿಗೆ ವೈದ್ಯನು ಬೇಕಾಗಿತ್ತು. ಅದನ್ನು ಎತ್ತಿಕೊಳ್ಳುವ ಎರಡು ಕೈಗಳು ಹತ್ತಿರದಲ್ಲಿದ್ದುವು. ಸೇವೆಯ ವಿಚಾರವು ಎಷ್ಟು ದೂರ ಸುತ್ತಿ ಬಂದರೂ ಕೊನೆಗೆ ಬಂದು ನಿಲ್ಲತಕ್ಕ ಸ್ಥಳವು ಇದೇ.